ಸಾಲ್ಜ್‌ಬರ್ಗ್‌ನ ಬೇಸಿಗೆ ಕಲಾ ಅಕಾಡೆಮಿ: ಮುಗಿದ ಚಿತ್ರ ತರಲೆಂದು ಹೋಗಬೇಡಿ

ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಊರಿನ ನೆತ್ತಿಯ ಮೇಲೆ ಹೋಹೆನ್‌ಸಾಲ್ಜ್‌ಬರ್ಗ್ ಕೋಟೆಯಿದೆ. ಚಿತ್ರಕಾರ ಓಸ್ಕರ್ ಕೊಕೋಶ್ಕಾ 1953ರಲ್ಲಿ ಅಲ್ಲಿ ಶುರುಮಾಡಿದ ‘ನೋಟದ ಶಾಲೆ’ಯೇ ಇಂದಿನ ಬೇಸಿಗೆ ಕಲಾ ಅಕಾಡೆಮಿ. ರೂಪದರ್ಶಿ ಅತ್ತಿತ್ತ ಸರಿಯುತ್ತಿರುವಾಗಲೇ ಜಲವರ್ಣದಲ್ಲಿ ಚುರುಕಾಗಿ ಹಿಡಿಯಬೇಕು ಎಂಬುದು ಅವರ ಪಾಠ. ಇಂದು ಅಲ್ಲಿ ಹಲವು ಮಾಧ್ಯಮಗಳನ್ನು ಕಲಿಸುತ್ತಾರೆ. ಆದರೂ ಕೆಲವೇ ವಾರಗಳ ತರಗತಿಯಲ್ಲಿ ನಿಜವಾಗಿ ದಕ್ಕುವುದು ಆ ಹಳೆಯ ಪಾಠವೇ, ಕಣ್ಣಿನ ಅಭ್ಯಾಸ.

ಹೆಚ್ಚಿನ ತರಗತಿಗಳನ್ನು ಕಲಾವಿದರೇ ನಡೆಸುತ್ತಾರೆ, ಕಲಿಸುವವರು ವರ್ಷ ವರ್ಷಕ್ಕೆ ಬದಲಾಗುತ್ತಾರೆ. ಹಾಗಾಗಿ ವಿಷಯಕ್ಕಿಂತ ಗುರುವನ್ನು ನೋಡಿ ಆರಿಸಿ. ಅರ್ಜಿಗೆ ಎಲ್ಲ ಶೈಲಿಗಳ ಸಂತೆ ಹರವುವ ಬದಲು ಒಂದೇ ಎಳೆಯ ಹತ್ತು ಹನ್ನೆರಡು ಕೃತಿ ಕಳಿಸುವುದು ಮೇಲು. ನೀವು ಯಾವ ಪ್ರಶ್ನೆಯ ಬೆನ್ನು ಹತ್ತಿದ್ದೀರಿ ಎಂಬುದು ಅದರಲ್ಲೇ ಕಾಣುತ್ತದೆ.

ಹೆಚ್ಚಿನವರು ಎಡವುವುದು ಸಾಮಗ್ರಿಯಲ್ಲಿ. ತೈಲವರ್ಣದ ತೆಳು ಪದರ ಮುಟ್ಟುವಷ್ಟು ಒಣಗಲಿಕ್ಕೇ ಎರಡು ದಿನದಿಂದ ಒಂದು ವಾರ ಬೇಕು. ದಪ್ಪಗೆ ಬಳಿದದ್ದು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ, ಸುತ್ತಿಟ್ಟರೆ ಅಂಟಿಕೊಂಡು ಹಾಳಾಗುತ್ತದೆ. ಎಣ್ಣೆಯೇ ಬೇಕೆಂದರೆ ಕೊನೆಯ ವಾರ ದಪ್ಪ ಬಣ್ಣ ಮುಟ್ಟಬೇಡಿ. ಅಡಿಪದರಕ್ಕೆ ಅಂಬರ್ (umber) ಎಂಬ ಕಂದು ಮಣ್ಣಿನ ಬಣ್ಣ ಬಳಸಿ, ಅದರಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುತ್ತದೆ. ಟರ್ಪೆಂಟೈನ್ ಬೆಂಕಿ ಹಿಡಿಯುವ ದ್ರವ, ವಿಮಾನದಲ್ಲಿ ಕೈಚೀಲಕ್ಕೂ ಸಲ್ಲದು, ದೊಡ್ಡ ಪೆಟ್ಟಿಗೆಗೂ ಸಲ್ಲದು. ಅಲ್ಲೇ ಕೊಳ್ಳಿ.

ಜಲವರ್ಣದವರಿಗೆ ಅಲ್ಲಿನ ಮಳೆಯೇ ಪರೀಕ್ಷೆ. ದಾರ ಇಳಿಬಿಟ್ಟ ಹಾಗೆ ಎಡೆಬಿಡದೆ ಸುರಿಯುವ ಅದಕ್ಕೆ ಊರಿನವರು ‘ಶ್ನೂರ್ಲ್‌ರೇಗನ್’ ಎನ್ನುತ್ತಾರೆ. ತೇವದ ಗಾಳಿಯಲ್ಲಿ ಮೊದಲ ಬಳಿತ ಆರುವುದಿಲ್ಲ, ಅದರ ಮೇಲೆ ಎರಡನೆಯದು ಬಿದ್ದರೆ ಅಂಚು ಹೂಕೋಸಿನಂತೆ ಒಡೆಯುತ್ತದೆ. ಕೈಬೆನ್ನಿಗೆ ಕಾಗದ ತಣ್ಣಗೆ ಹತ್ತಿದರೆ ಒಳಗಿನ್ನೂ ನೀರಿದೆ ಎಂದರ್ಥ, ಕಾಯಿರಿ. ಚದರ ಮೀಟರಿಗೆ 300 ಗ್ರಾಂ ತೂಗುವ ಹತ್ತಿ ಕಾಗದ ಇದನ್ನೆಲ್ಲ ತಾಳಿಕೊಳ್ಳುತ್ತದೆ.

ಸಾಲ್ಜ್‌ಬರ್ಗ್ ಹತ್ತಿರದ ಫ್ಯೂರ್ಸ್ಟೆನ್‌ಬ್ರುನ್‌ನಲ್ಲಿರುವ ಉಂಟರ್ಸ್‌ಬರ್ಗ್ ಬೆಟ್ಟದ ಕಲ್ಲುಗಣಿಯಲ್ಲಿ ನಡೆಯುವ ಶಿಲ್ಪದ ತರಗತಿ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕಲ್ಲು ಹುಟ್ಟಿದ ಜಾಗದಲ್ಲೇ ಉಳಿ ಹಿಡಿಯುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ. ಮೊನೆಯುಳಿಯಿಂದ ಒರಟಾಗಿ ಕಡಿದು, ಹಲ್ಲುಳಿಯಿಂದ ಆಕಾರಕ್ಕೆ ತಂದು, ಚಪ್ಪಟೆ ಉಳಿಗೆ ಕೊನೆಗೆ ಬನ್ನಿ. ಕನ್ನಡಕ, ದೂಳಿನ ಮಾಸ್ಕ್ ಕಡ್ಡಾಯ. ಒಂದು ಲೆಕ್ಕ ಮಾತ್ರ ಮೊದಲೇ ಹಾಕಿ: 20 ಸೆಂ.ಮೀ. ಘನದ ತುಂಡು ಸುಮಾರು 21.6 ಕಿಲೋ ತೂಗುತ್ತದೆ, 30 ಸೆಂ.ಮೀ.ದು 73 ಕಿಲೋ. ಮನೆಗೆ ತರಬೇಕಾದರೆ ಅಂಗೈ ಅಗಲದ ಕಲ್ಲೇ ಸಾಕು.

ಕಥೆ, ಕವಿತೆಯ ಕಮ್ಮಟ ಹುಡುಕುವವರಿಗೆ ಇದು ಸರಿಯಾದ ಜಾಗವಲ್ಲ. ಬರವಣಿಗೆಯ ತರಗತಿ ಇದ್ದರೂ ಒತ್ತು ಕಲೆಯ ಬಗ್ಗೆ ಬರೆಯುವುದರ ಮೇಲೆ. ಅದಕ್ಕೆ ತಯಾರಿ ಹೀಗೆ ಮಾಡಿಕೊಳ್ಳಿ: ಒಂದೇ ಕೃತಿಯ ಮುಂದೆ ಹತ್ತು ನಿಮಿಷ ನಿಂತು ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ. ‘ಸುಂದರ’, ‘ಅದ್ಭುತ’ ಬರಕೂಡದು. ವ್ಯಾಖ್ಯಾನ ಎರಡನೆಯ ಕರಡಿಗೆ.

ಷೆಂಗೆನ್ ವೀಸಾ (ಆಸ್ಟ್ರಿಯಾ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ವೀಸಾ) ಬೇಕಾದವರು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. 1920ರಲ್ಲಿ ಆರಂಭವಾದ ಸಂಗೀತ-ನಾಟಕ ಉತ್ಸವವೂ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಇದೇ ಊರಿನಲ್ಲಿ ನಡೆಯುವುದರಿಂದ ಕೋಣೆಗಳ ಬಾಡಿಗೆ ಗಗನಕ್ಕೇರುತ್ತದೆ. ಪ್ರವೇಶ ಖಚಿತವಾದ ದಿನವೇ ಕೋಣೆ ಹಿಡಿಯಿರಿ, ಕಡಿದಾದ ಕೋಟೆ ದಾರಿಯಲ್ಲಿ ಚಿತ್ರಫಲಕ ಹೊರುವ ಬದಲು ಫೆಸ್ಟುಂಗ್ಸ್‌ಬಾನ್ ಹಳಿಬಂಡಿ ಹತ್ತಿ.