ಉಸಿರು ಕೇಳಿಸಬೇಕು: ಸ್ಟೀವ್ ರೈಶ್ ಅವರ ‘ಮ್ಯೂಸಿಕ್ ಫಾರ್ 18 ಮ್ಯೂಸಿಶಿಯನ್ಸ್’, ಯಾವ ಧ್ವನಿಮುದ್ರಿಕೆ ಕೊಳ್ಳಬೇಕು?

ಅಮೆರಿಕದ ಸಂಗೀತ ರಚನಕಾರ ಸ್ಟೀವ್ ರೈಶ್ ಅವರ ಈ ಕೃತಿಯ ಯಾವುದೇ ಧ್ವನಿಮುದ್ರಿಕೆಯನ್ನು ಕೊಳ್ಳುವ ಮೊದಲು ಆರಂಭದ ಐದು ನಿಮಿಷ ಕೇಳಿ. ಹಾಡುವವರ ಮತ್ತು ಬಾಸ್ ಕ್ಲಾರಿನೆಟ್ (ಮಂದ್ರ ದನಿಯ ಊದುವಾದ್ಯ) ಊದುವವರ ಉಸಿರು ಏರಿ, ತುಂಬಿ, ಮುಗಿಯುವುದು ಕಿವಿಗೆ ಬಿದ್ದರೆ ಅದು ಒಳ್ಳೆಯ ಧ್ವನಿಮುದ್ರಿಕೆ. ಬರೀ ಟಕಟಕ ಪೆಟ್ಟುಗಳೇ ಮುಂದೆ ಬಂದರೆ, ವಾದಕರು ಎಷ್ಟೇ ನಿಖರರಾಗಿರಲಿ, ಬಿಟ್ಟುಬಿಡಿ.

ಇದು 1974ರಿಂದ 1976ರವರೆಗೆ ರಚನೆಯಾಗಿ, 1976ರ ಏಪ್ರಿಲ್ 24ರಂದು ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ಮೊದಲು ನುಡಿದ ಕೃತಿ. ಅವಧಿ ಸುಮಾರು ಒಂದು ಗಂಟೆ. ಒಂದು ಪಿಟೀಲು, ಒಂದು ಚೆಲ್ಲೊ, ಬಾಸ್ ಕ್ಲಾರಿನೆಟ್ಟನ್ನೂ ನುಡಿಸುವ ಇಬ್ಬರು ಕ್ಲಾರಿನೆಟ್ ವಾದಕರು, ನಾಲ್ಕು ಸ್ತ್ರೀ ಕಂಠಗಳು, ನಾಲ್ಕು ಪಿಯಾನೊ, ಕೋಲಿನಿಂದ ಮರದ ಪಟ್ಟಿಗಳನ್ನು ಬಡಿದು ನುಡಿಸುವ ಮೂರು ಮರಿಂಬಾ ಮತ್ತು ಎರಡು ಕ್ಸೈಲೊಫೋನ್, ಲೋಹದ ಪಟ್ಟಿಗಳಿರುವ, ಮೋಟಾರ್ ನಿಲ್ಲಿಸಿದ ಒಂದು ವೈಬ್ರಫೋನ್. ಈ ಕೊನೆಯದನ್ನೇ ರೈಶ್ ಮೆಟಲೊಫೋನ್ ಎಂದು ಕರೆದರು. ಹಲವರು ನಡುನಡುವೆ ವಾದ್ಯ ಬದಲಿಸಿ ಒಂದಕ್ಕಿಂತ ಹೆಚ್ಚು ವಾದ್ಯ ನೋಡಿಕೊಂಡರೆ ಮಾತ್ರ 18 ಜನ ಸಾಕು. ಅದಕ್ಕಿಂತ ಕಡಿಮೆ ಜನರಿಂದ ಆಗದು. ಹಾಡಿಗೆ ಸಾಹಿತ್ಯವಿಲ್ಲ. ಕಂಠಗಳು ವಾದ್ಯಗಳ ನಡುವೆ ಇನ್ನೊಂದು ವಾದ್ಯವಾಗಿ ಸೇರಿಕೊಳ್ಳುತ್ತವೆ. ಆದ್ದರಿಂದ ಅಪೆರಾ ಶೈಲಿಯ ಕಂಪಿತ ದನಿ ಇಲ್ಲಿ ಹೊಂದುವುದಿಲ್ಲ. ನೇರವಾದ, ತೆಳುವಾದ ದನಿಯೇ ಬೇಕು.

ಕೃತಿಗೆ ಎರಡು ಬಗೆಯ ಕಾಲವಿದೆ. ಮೊದಲನೆಯದು ಪಿಯಾನೊ ಮತ್ತು ಮರಿಂಬಾಗಳ ಎಡೆಬಿಡದ ಪೆಟ್ಟು. ಒಬ್ಬರು ಪೆಟ್ಟಿನ ಮೇಲೆ, ಇನ್ನೊಬ್ಬರು ಎರಡು ಪೆಟ್ಟುಗಳ ನಡುವೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿ ಭತ್ತ ಕುಟ್ಟುವ ಹಾಗೆ. ಒಬ್ಬರು ಕೂದಲೆಳೆಯಷ್ಟು ಮುಂದಾದರೂ ಒನಕೆಗೆ ಒನಕೆ ತಾಗುತ್ತದೆ. ಒಂದು ಗಂಟೆ ಹೀಗೆ ಹೊಡೆದರೆ ತೋಳು ಸೋಲುತ್ತದೆ, ವೇಗ ಜಾರುತ್ತದೆ. ಅದಕ್ಕೇ ಸಭೆಯಲ್ಲಿ ಒಬ್ಬ ವಾದಕ ಇನ್ನೊಬ್ಬನ ಪಕ್ಕಕ್ಕೆ ಬಂದು ನಿಂತು, ಪೆಟ್ಟು ತಪ್ಪದಂತೆ ಕೋಲಿನ ಕೆಲಸ ವಹಿಸಿಕೊಳ್ಳುವುದು ಕಾಣುತ್ತದೆ. ಎರಡನೆಯದು ಉಸಿರಿನ ಕಾಲ. ಕಂಠ ಮತ್ತು ಬಾಸ್ ಕ್ಲಾರಿನೆಟ್ಟುಗಳು ಒಂದೇ ಸ್ವರವನ್ನು ಮಿಡಿಯುತ್ತಾ ಉಸಿರು ಇರುವಷ್ಟು ಹೊತ್ತು ಮಾತ್ರ ಎಳೆಯುತ್ತವೆ. ಆರಂಭದಲ್ಲಿ 11 ಸ್ವರಗುಚ್ಛಗಳು (ಒಟ್ಟಿಗೆ ನುಡಿಯುವ ಸ್ವರಗಳು, ಕಾರ್ಡ್) ಸಾಲಾಗಿ ಬರುತ್ತವೆ, ಒಂದೊಂದಕ್ಕೂ ಎರಡು ಉಸಿರು. ಆಮೇಲೆ ಮೊದಲನೆಯದಕ್ಕೆ ಮರಳಿ, ಆ ಒಂದೇ ಗುಚ್ಛದ ಮೇಲೆ ಕೆಲವು ನಿಮಿಷಗಳ ಒಂದು ರಚನೆ ಬೆಳೆಯುತ್ತದೆ. ಹೀಗೆ ಹನ್ನೊಂದೂ ಮುಗಿದ ಮೇಲೆ ಆರಂಭದ ಮಿಡಿತ ಮತ್ತೆ ಬರುತ್ತದೆ.

ಮುಂದೆ ನಿಂತು ಕೈಬೀಸುವ ನಿರ್ದೇಶಕರಿಲ್ಲ. ಮೆಟಲೊಫೋನ್ ಒಂದು ಸಲ ನುಡಿದರೆ ಎಲ್ಲರೂ ಮುಂದಿನ ಘಟ್ಟಕ್ಕೆ ಹೊರಳುತ್ತಾರೆ. ತೆಂಕುತಿಟ್ಟು ಯಕ್ಷಗಾನದ ಭಾಗವತರ ಜಾಗಟೆ ನೋಡಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ರೈಶ್ 1970ರಲ್ಲಿ ಘಾನಾದಲ್ಲಿ ಡೋಲು ಕಲಿತರು, 1973 ಮತ್ತು 1974ರಲ್ಲಿ ಅಮೆರಿಕದಲ್ಲೇ ಇಂಡೋನೇಷ್ಯಾದ ಬಾಲಿ ದ್ವೀಪದ ಲೋಹವಾದ್ಯಗಳ ಮೇಳವಾದ ಗಾಮೆಲಾನ್ ಅಭ್ಯಾಸ ಮಾಡಿದರು; ಸನ್ನೆಯನ್ನೂ ಸದ್ದಿನಲ್ಲೇ ಕೊಡುವ ಪದ್ಧತಿ ಅಲ್ಲಿಂದ ಬಂದದ್ದು. ಒಂದು ಸಾಲನ್ನು ಎಷ್ಟು ಸಲ ಮರಳಿ ನುಡಿಸಬೇಕೆಂಬುದು ಆ ಹೊತ್ತಿಗೆ ತೀರ್ಮಾನವಾಗುವುದರಿಂದ ಅವಧಿಯೂ ಒಂದೊಂದು ಸಲ ಒಂದೊಂದು.

ಕರ್ನಾಟಕ ಸಂಗೀತದ ಕಿವಿಯವರಿಗೆ ಒಂದು ಎಚ್ಚರಿಕೆ: ಸಮಕ್ಕೆ ಕಾಯಬೇಡಿ. ಮುಕ್ತಾಯ ಬಂದು ಬೀಳುವುದಿಲ್ಲ. 12 ಪೆಟ್ಟಿನ ಮೇಲಿನ ಸಾಲು ಹಾಗೇ ಇರುತ್ತದೆ. ಕೆಳಗಿನ ಸ್ವರಗುಚ್ಛಗಳು ಮೊದಲು ಅದರ ಒಂದು ಪೆಟ್ಟಿನಿಂದ, ಬಳಿಕ ಇನ್ನೊಂದು ಪೆಟ್ಟಿನಿಂದ ಆರಂಭವಾಗುತ್ತವೆ. ಮೇಲೆ ಒಂದು ಸ್ವರವೂ ಬದಲಾಗದೆ ಒತ್ತು ಬೇರೆ ಕಡೆ ಬಿದ್ದಂತೆ ಕೇಳುತ್ತದೆ. ತಿಶ್ರವೋ ಚತುರಶ್ರವೋ ಎಂದು ಬೆರಳು ಎಣಿಸುತ್ತಾ ಕೂತವರು ಈ ಸೊಗಸನ್ನೇ ಕಳೆದುಕೊಳ್ಳುತ್ತಾರೆ. ಕೆಳಗಿನ ಸ್ವರವನ್ನು ಹಿಡಿದು ಕೇಳಿ.

ಧ್ವನಿಮುದ್ರಿಕೆಗಳ ಮಾತಿಗೆ ಬಂದರೆ, ನಮ್ಮ ಮೊದಲ ಆಯ್ಕೆ ಇಸಿಎಂ ಕಂಪನಿ 1978ರಲ್ಲಿ ಹೊರತಂದದ್ದು. ರೈಶ್ ಅವರ ತಂಡವೇ ನುಡಿಸಿದ್ದು, ಸುಮಾರು 56 ನಿಮಿಷ. ದನಿಗಳು ಒಂದರೊಳಗೊಂದು ಕರಗುತ್ತವೆ, ಬಾಸ್ ಕ್ಲಾರಿನೆಟ್ ನೆಲದಿಂದ ಎದ್ದು ಬಂದಂತೆ ಬಂದು ಹೋಗುತ್ತದೆ. ಸಿ.ಡಿ.ಯಲ್ಲಿ ಇಡೀ ಕೃತಿ ಒಂದೇ ಟ್ರ್ಯಾಕ್, ಬೇಕಾದ ಭಾಗಕ್ಕೆ ಹಾರಲಾಗದು. ಎಲ್‌ಪಿಯಲ್ಲಂತೂ ನಡುವೆ ಎದ್ದು ಬದಿ ತಿರುಗಿಸಬೇಕು. ಈ ಕೃತಿಗೆ ಅದು ನಿಜವಾದ ಪೆಟ್ಟು. ಅದೇ ತಂಡದ ಎರಡನೆಯ ಧ್ವನಿಮುದ್ರಿಕೆ ನಾನ್‌ಸಚ್ ಕಂಪನಿಯದು, ಸುಮಾರು 67 ನಿಮಿಷ, 1999ರಲ್ಲಿ ಗ್ರ್ಯಾಮಿ ಪಡೆದದ್ದು. ಇಲ್ಲಿ ಪ್ರತಿ ವಾದ್ಯವನ್ನೂ ಬೇರೆಯಾಗಿ ಗುರುತಿಸಬಹುದು, 14 ಟ್ರ್ಯಾಕ್‌ಗಳಿರುವುದರಿಂದ ಅಭ್ಯಾಸ ಮಾಡುವವರಿಗೆ ಅನುಕೂಲ. ಆದರೆ ಆ ಸ್ಪಷ್ಟತೆಯಲ್ಲಿ ಉಸಿರಿನ ಮಬ್ಬು ಸ್ವಲ್ಪ ಕಡಿಮೆಯಾಗಿದೆ. 1990ರ ದಶಕದಲ್ಲಿ ಪೂರ್ಣ ಸ್ಕೋರ್ (ಎಲ್ಲ ವಾದ್ಯಗಳ ಬರೆದ ಸ್ವರಲಿಪಿ) ಸಿದ್ಧವಾಗುವ ತನಕ ಬೇರೆ ತಂಡಗಳಿಗೆ ಈ ಕೃತಿ ಸುಲಭವಾಗಿ ಕೈಗೆ ಸಿಗುತ್ತಿರಲಿಲ್ಲ. ಆ ಬಳಿಕ ಬಂದವುಗಳಲ್ಲಿ ಮಿಷಿಗನ್ನಿನ ಗ್ರ್ಯಾಂಡ್ ವ್ಯಾಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ 2007ರ ಧ್ವನಿಮುದ್ರಿಕೆಯನ್ನು ಧೈರ್ಯವಾಗಿ ಕೊಳ್ಳಬಹುದು. ಹುಡುಗರ ನುಡಿಕೆಯಲ್ಲಿ ಹುರುಪಿದೆ, ಶಿಸ್ತೂ ಇದೆ.

ಮೊಬೈಲಿನಲ್ಲಿ ಕೇಳುವುದಾದರೆ ಆ್ಯಪ್‌ನ ಕ್ರಾಸ್‌ಫೇಡ್ ತೆಗೆದುಹಾಕಿ, ಗ್ಯಾಪ್‌ಲೆಸ್ ಹಾಕಿ, ಷಫಲ್ ಮುಟ್ಟಬೇಡಿ. ಕ್ರಾಸ್‌ಫೇಡ್ ಇದ್ದರೆ ಎರಡು ಭಾಗಗಳ ಪೆಟ್ಟು ಒಂದರ ಮೇಲೊಂದು ಬಿದ್ದು ಲಯ ಕಲಸಿಹೋಗುತ್ತದೆ. ಗ್ಯಾಪ್ ಇದ್ದರೆ ನಿಲ್ಲಲೇಬಾರದ ಪೆಟ್ಟು ನಿಲ್ಲುತ್ತದೆ. ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಬಾಸ್ ಕ್ಲಾರಿನೆಟ್ಟಿನ ಮಂದ್ರವನ್ನು ನುಂಗಿಬಿಡುತ್ತದೆ, ಉಳಿಯುವುದು ಮರಿಂಬಾದ ಸದ್ದು ಮಾತ್ರ. ಕಿವಿ ಮುಚ್ಚುವ ಹೆಡ್‌ಫೋನ್ ವಾಸಿ. ಸಭೆಯಲ್ಲಿ ಕೇಳುವ ಅವಕಾಶ ಸಿಕ್ಕರೆ ಮುಂದಿನ ಸಾಲಿನ ಆಸೆ ಬೇಡ. ಕಂಠ, ತಂತಿವಾದ್ಯ, ಕ್ಲಾರಿನೆಟ್‌ಗಳ ದನಿ ಮೈಕಿನ ಮೂಲಕವೇ ಉಳಿದವುಗಳಿಗೆ ಸಮವಾಗುವುದು. ಮುಂದೆ ಕೂತವರಿಗೆ ಮರಿಂಬಾ ನೇರವಾಗಿ ಬಡಿದು ಹಾಡು ಅಡಗಿಹೋಗುತ್ತದೆ. ಸಭಾಂಗಣದ ನಡುವೆ, ಎರಡೂ ಸ್ಪೀಕರ್‌ಗಳಿಗೆ ಸಮದೂರದಲ್ಲಿ, ಮೆಟಲೊಫೋನ್ ವಾದಕರು ಕಣ್ಣಿಗೆ ಬೀಳುವ ಕುರ್ಚಿ ಹಿಡಿಯಿರಿ.