ಬದಿಯಡ್ಕದ ಡೀಸೆಲ್ ವರ್ಕ್‌ಶಾಪ್: ಹೊಗೆ ಹೋಯಿತು, ಇಲಿ ಉಳಿಯಿತು

ಪೊಲ್ಯೂಷನ್ ಸರ್ಟಿಫಿಕೇಟಿಗೆ ಹೋದವನನ್ನು ಬರಿಗೈಯಲ್ಲಿ ವಾಪಸ್ ಕಳಿಸಿದರು. ನನ್ನದು 2012ರ ಗಾಡಿ, 2.2 ಲೀಟರಿನ ಟರ್ಬೊ ಡೀಸೆಲ್. ಆ ಕಾಲದ ಡೀಸೆಲಿಗೆ ಹೊಗೆಯ ಅಳತೆ 2.45 ದಾಟಬಾರದು, ನನ್ನದು 3ರ ಮೇಲೆ ಹೋಗಿತ್ತು. ಗಾಡಿಯ ಹೆಸರು ಬೇಡ, ಈ ರೋಗಕ್ಕೆ ಕಂಪೆನಿ ಭೇದ ಇಲ್ಲ. ಹೊಗೆ ಮಾತ್ರವಲ್ಲ, ಸಂಪಾಜೆ ಘಾಟಿಯನ್ನು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಈಗ ಎರಡಕ್ಕೆ ಇಳಿಸಿದರೂ ಏದುಸಿರು ಬಿಡುತ್ತಿತ್ತು. ಬೈಕಿನವರು ಮೂಗು ಮುಚ್ಚಿಕೊಂಡು ಓವರ್‌ಟೇಕ್ ಮಾಡುವಾಗ ತಿರುಗಿ ಒಂದು ನೋಟ ನೋಡುತ್ತಾರಲ್ಲ, ಅದನ್ನು ಹೇಳಿ ಸುಖವಿಲ್ಲ.

ಇದಕ್ಕೂ ಮೊದಲು ಬೇರೊಂದು ಊರಿನಲ್ಲಿ ‘ಕಾರ್ಬನ್ ಕ್ಲೀನಿಂಗ್’, ಅಂದರೆ ಇಂಜಿನಿನೊಳಗಿನ ಮಸಿ ತೆಗೆಯುವ ಕೆಲಸ, ಮಾಡಿಸಿದ್ದೆ. ಒಂದು ಬೋಲ್ಟು ಬಿಚ್ಚಲಿಲ್ಲ. ಗಾಳಿಯ ಪೈಪಿಗೆ ಟ್ಯೂಬ್ ಸಿಕ್ಕಿಸಿ ಅರ್ಧ ಗಂಟೆ ಇಂಜಿನ್ ಓಡಿಸಿ 2,500 ರೂಪಾಯಿ ತೆಗೆದುಕೊಂಡರು. ಒಂದು ವಾರ ಗಾಡಿ ಹಗುರವಾಗಿದೆ ಅಂತ ಅನ್ನಿಸಿತು. ದುಡ್ಡು ಕೊಟ್ಟವನಿಗೆ ಅಷ್ಟೂ ಅನ್ನಿಸದಿದ್ದರೆ ಹೇಗೆ?

ಈಗ ಹೇಳಹೊರಟ ವರ್ಕ್‌ಶಾಪ್ ಬದಿಯಡ್ಕದಿಂದ ಮುಳ್ಳೇರಿಯ ಕಡೆಗೆ ಹೋಗುವ ರಸ್ತೆಯಲ್ಲಿ ಉಂಟು. ತಗಡಿನ ಶೆಡ್ಡು, ಬೋರ್ಡು ಇಲ್ಲ. ಯಜಮಾನರನ್ನು ಎಲ್ಲರೂ ಇಕ್ಕ ಅಂತಲೇ ಕರೆಯುವುದು. ಕಾರ್ಬನ್ ತೆಗೆಯಬೇಕು ಅಂದವನ ಗಾಡಿಯಲ್ಲಿ ಅವರು ಮೊದಲು ಬಿಚ್ಚಿದ್ದು ಏರ್ ಫಿಲ್ಟರಿನ ಡಬ್ಬಿ. ಒಳಗೆ ಅಡಿಕೆ ಸಿಪ್ಪೆಯ ನಾರು, ಗೋಣಿಯ ಚೂರು, ಒಂದು ಹಿಡಿ ಇಲಿ ಹಿಕ್ಕೆ. ಫಿಲ್ಟರಿನ ಅರ್ಧ ಮೈ ಮುಚ್ಚಿಹೋಗಿತ್ತು. "ಭಟ್ರೇ, ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವುದಾ?" ಅಂತ ಕೇಳಿದರು. ಹೌದು ಅನ್ನದೆ ಗತಿಯಿರಲಿಲ್ಲ. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಉರಿಯದೆ ಉಳಿದದ್ದೇ ಕಪ್ಪು ಹೊಗೆ.

ಆಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಇಂಜಿನಿಗೆ ಗಾಳಿ ಹಂಚುವ ಕೊಳವೆ, ಇಳಿಸಿ ನನ್ನ ಕೈಗೇ ಕೊಟ್ಟರು. ಬಚ್ಚಲ ಒಲೆಯ ಮಸಿಗೆ ಎಣ್ಣೆ ಹಾಕಿ ಕಲಸಿ ಮೆತ್ತಿದ ಹಾಗಿತ್ತು. ಗಾಳಿ ಹೋಗುವ ತೂತಿನಲ್ಲಿ ನನ್ನ ಕಿರುಬೆರಳು ಕಷ್ಟದಲ್ಲಿ ತೂರಿತು. ಸುಟ್ಟ ಹೊಗೆಯಲ್ಲಿ ಒಂದು ಪಾಲನ್ನು ಇಜಿಆರ್ ವಾಲ್ವ್ ಮತ್ತೆ ಇಂಜಿನಿಗೇ ಕಳಿಸುತ್ತದೆ. ಒಳಗಿನ ಉರಿ ತಣ್ಣಗಾದರೆ ನೈಟ್ರೋಜನ್ ಆಕ್ಸೈಡ್ ಕಡಿಮೆ ಹುಟ್ಟುತ್ತದೆ, ಅದಕ್ಕಾಗಿ ಈ ಏರ್ಪಾಡು. ಆ ಹೊಗೆಯ ಮಸಿಗೆ ಇಂಜಿನಿನ ತಳದ ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿ ಸೇರಿದರೆ ಈ ಡಾಂಬರು ತಯಾರು. ಇದನ್ನು ಟ್ಯೂಬ್ ಸಿಕ್ಕಿಸಿ ತೆಗೆಯುತ್ತೇವೆ ಅಂದವರ ಧೈರ್ಯ ಮೆಚ್ಚಬೇಕು.

ಮ್ಯಾನಿಫೋಲ್ಡನ್ನು ರಾತ್ರಿಯಿಡೀ ಡೀಸೆಲಿನಲ್ಲಿ ನೆನೆಹಾಕಿ ಮರುದಿನ ಕೆರೆದು ತೊಳೆದರು. ಇಜಿಆರ್ ವಾಲ್ವಿಗೆ ಸ್ಪ್ರೇ ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷು. ನನಗೆ ಭರವಸೆ ಬಂದದ್ದು ಇನ್ನೊಂದು ಕೆಲಸ ನೋಡಿ. ಮಸಿಯ ಚಕ್ಕೆ ಇಂಜಿನಿನೊಳಗೆ ಬೀಳದಿರಲಿ ಅಂತ ಅದರ ತೂತುಗಳಿಗೆ ಬಟ್ಟೆ ತುರುಕಿದರು, ತುರುಕುವಾಗ ಎಣಿಸಿದರು, ತೆಗೆಯುವಾಗಲೂ ಗಟ್ಟಿಯಾಗಿ ಎಣಿಸಿದರು.

ಟರ್ಬೊದ ಶಾಫ್ಟ್ ಬೆರಳಲ್ಲಿ ಅಲ್ಲಾಡಿಸಿ ನೋಡಿ ಏನೂ ಆಗಿಲ್ಲ ಅಂದರು. ಹೊಸ ಟರ್ಬೊ ಮಾರುವ ಅವಕಾಶ ಅಲ್ಲಿಗೆ ಹೋಯಿತು, ಅವರಿಗೇನೂ ಬೇಸರ ಕಾಣಲಿಲ್ಲ. ಆದರೆ ಅದರೊಳಗಿನ ರೆಕ್ಕೆಗಳನ್ನು ತಿರುಗಿಸುವ ಲಿವರ್ ಮಸಿ ಹಿಡಿದು ಬಿಗಿಯಾಗಿತ್ತು, ಅದನ್ನು ಬಿಡಿಸಿದರು. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನ ಹೋಸ್ ಕ್ಲ್ಯಾಂಪಿನ ಹತ್ತಿರ ಎಣ್ಣೆ ಒಸರುತ್ತಿತ್ತು. ಎಣ್ಣೆ ಹೊರಬರುವ ಜಾಗದಲ್ಲಿ ಟರ್ಬೊ ಒತ್ತಿ ಕಳಿಸಿದ ಗಾಳಿಯೂ ಹೊರಹೋಗುತ್ತದೆ. ಹೋಸ್ ಹೊಸತು. ಎಗ್ಸಾಸ್ಟಿನ ಕಡೆ ಟರ್ಬೊಗಿಂತ ಮೊದಲಿನ ಗ್ಯಾಸ್ಕೆಟಿನ ಸುತ್ತ ಕಪ್ಪು ಕಲೆ ಇತ್ತು, ಅದೂ ಹೊಸತಾಯಿತು.

ತಂಗಿಯ ಮಗ ಫೋನಿನಲ್ಲಿ ಹೇಳಿಕೊಟ್ಟಂತೆ ಕೇಳಿಯೂ ನೋಡಿದೆ: ಇಜಿಆರ್ ಮುಚ್ಚಿಬಿಡಿ, ಸೈಲೆನ್ಸರ್ ತೆಗೆದು ನೇರ ಪೈಪು ಹಾಕಿ, ಕಂಪ್ಯೂಟರಿನಲ್ಲಿ ಪವರ್ ಏರಿಸಿ. ಇಕ್ಕ ನಕ್ಕರು. "ಮೊದಲು ಕಂಪೆನಿ ಕೊಟ್ಟ ಪವರ್ ವಾಪಸ್ ಬರಲಿ ಭಟ್ರೇ. ಶಬ್ದ ಬೇಕಾದರೆ ಜಾತ್ರೆಗೆ ಹೋಗಿ." ಪಕ್ಕದಲ್ಲಿ ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿಯವರೊಬ್ಬರು ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್, ತೆಗೆಸಲು ಬಂದಿದ್ದರು. ದಿನಾ ಹಾಲಿನ ಡಿಪೋದವರೆಗೆ ಓಡಿಸಿದರೆ ಅದರ ಮಸಿ ಸುಡುವಷ್ಟು ಬಿಸಿ ಏರುವುದಿಲ್ಲ, ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಬಿಡದೆ ಓಡಿಸಿ ಅಂತ ಅವರನ್ನೂ ಹಾಗೇ ಕಳಿಸಿದರು.

ದೂರು ಇಲ್ಲ ಅಂತಲ್ಲ. ಗುರುವಾರ ಅಂದದ್ದು ಶನಿವಾರ ಆಯಿತು, ಗ್ಯಾಸ್ಕೆಟ್ ಮಂಗಳೂರಿನಿಂದ ಬರಬೇಕಿತ್ತಂತೆ. ಫೋನ್ ಎತ್ತುವುದಿಲ್ಲ. ಬಿಲ್ಲು ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟರು: ಸಾಮಾನು 4,300, ಕೆಲಸ 3,500. ಕುಳಿತುಕೊಳ್ಳಲು ಇರುವುದು ಒಂದು ಹಳೇ ಟಯರ್, ಅದರ ಮೇಲೆ ಮೊದಲೇ ಒಂದು ಬೆಕ್ಕು.

ಹೊಗೆಯ ಅಳತೆ ಈಗ 1.1. ಮಡಿಕೇರಿಗೆ ಹೋಗಿ ಬಂದೆ, ಸಂಪಾಜೆ ಮತ್ತೆ ಮೂರನೇ ಗೇರಿನಲ್ಲಿ. ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ನಾನು ಗಾಡಿಯನ್ನು ಶೆಡ್ಡಿನಿಂದ ತೆಗೆದು ಅಂಗಳದ ಬದಿಗೆ ತಂದು ನಿಲ್ಲಿಸಿದ್ದೇನೆ. ನಿನ್ನೆ ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯ ಮೇಲೆ ಮತ್ತೆ ಒಂದೆಳೆ ಅಡಿಕೆ ನಾರು.