ಕುಮಾರ ಪರ್ವತಕ್ಕೆ ಫೋನಾ, ಕ್ಯಾಮೆರಾನಾ?

ಮುಳ್ಳೇರಿಯದಿಂದ ಜಾಲ್ಸೂರು, ಸುಳ್ಯ ದಾಟಿ ಸುಬ್ರಹ್ಮಣ್ಯಕ್ಕೆ ಹೋಗುವುದು ನಮ್ಮ ಬಳಗಕ್ಕೆ ಹೊಸದಲ್ಲ. ಪ್ರತಿ ಸಲ ಬ್ಯಾಗ್ ತುಂಬುವಾಗ ಒಂದೇ ಜಗಳ. ಭಾವನ ಕೈಯಲ್ಲಿ ಡಿಎಸ್‌ಎಲ್‌ಆರ್, ನನ್ನ ಕೈಯಲ್ಲಿ ಫೋನ್. 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಎರಡನ್ನೂ ಹೊತ್ತು, ಅದಲುಬದಲು ಮಾಡಿಕೊಂಡು ತೆಗೆದು ನೋಡಿದ್ದೇವೆ.

ಕುಕ್ಕೆಯಿಂದ ದಾರಿ ಮಧ್ಯದ ಗಿರಿಗದ್ದೆವರೆಗಿನ ಕಾಡಿನ ಏರಿನಲ್ಲಿ ಫೋನೇ ಗೆದ್ದಿತು. ಬೆವರು ಸುರಿಯುವಾಗ ಬ್ಯಾಗ್ ಇಳಿಸಿ, ಅವಲಕ್ಕಿ ಕಟ್ಟಿನ ಕೆಳಗಿಂದ ಕ್ಯಾಮೆರಾ ಎಳೆಯುವ ತಾಳ್ಮೆ ಯಾರಿಗಿದೆ? ಮರದ ಬೇರು, ಮುಂದೆ ಹೋಗುವವರ ಬೆನ್ನು, ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ ಸಾರಿನ ಮುಂದೆ ಕೂತ ಸುಸ್ತಾದ ಮುಖಗಳು, ಇವೆಲ್ಲ ಫೋನಿನಲ್ಲೇ ಚೆನ್ನಾಗಿ ಬಂದವು. ಕತ್ತಲೆ ಕಾಡಿನಲ್ಲಿ ಎಲೆಗಳ ಸಂದಿಯಿಂದ ಬೀಳುವ ಬಿಸಿಲನ್ನು ಫೋನ್ ತಾನೇ ಸರಿದೂಗಿಸುತ್ತದೆ. ಕ್ಯಾಮೆರಾದಲ್ಲಿ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತಿತ್ತು.

ಆದರೆ ಗಿರಿಗದ್ದೆಯ ಸಂಜೆ ಲೆಕ್ಕ ತಿರುಗಿತು. ಪಶ್ಚಿಮಕ್ಕೆ ಬೆಟ್ಟದ ಸಾಲುಗಳು ಒಂದರ ಹಿಂದೆ ಒಂದು, ಹಿಂದಿನದು ಮುಂದಿನದಕ್ಕಿಂತ ಮಾಸಲು. ಫೋನಿನ ಅಗಲ ಲೆನ್ಸಿನಲ್ಲಿ ಅವು ಅಡಿಯಲ್ಲಿ ಒಂದು ಗೆರೆಯಾಗಿ ಕೂತವು, ಮೇಲೆಲ್ಲ ಖಾಲಿ ಆಕಾಶ. ಜೂಮ್ ಎಳೆದರೆ ಮುಳಿಹುಲ್ಲಿನ ಎಸಳು ಕಾಣದೆ, ಕಾವಲಿ ಮೇಲೆ ಹಿಟ್ಟು ಸಾರಿಸಿದ ಹಾಗಾಯಿತು. ಭಾವ ದೂರದ್ದನ್ನು ಹತ್ತಿರ ತರುವ 55-250 ಲೆನ್ಸನ್ನು ಪೂರ್ತಿ ಎಳೆದು ತೆಗೆದ ಚಿತ್ರದಲ್ಲಿ ಸಾಲುಗಳು ಒತ್ತೊತ್ತಾಗಿ ಬಂದು ನಿಂತಿದ್ದವು. ಮರುದಿನ, ತುದಿಗೆ ಮುಂಚೆ ಸಿಗುವ ಶೇಷ ಪರ್ವತದ ಅಂಚಿನಲ್ಲಿ ನಡೆಯುತ್ತಿದ್ದ ನಾಲ್ಕೈದು ಜನ ಇರುವೆಯಷ್ಟು ಕಂಡರೂ ಆಕಾರ ಸ್ಪಷ್ಟ. ಬೆಟ್ಟ ಎಷ್ಟು ದೊಡ್ಡದು ಎಂದು ಆ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಅಷ್ಟು ದೂರಕ್ಕೆ ಎಳೆದಾಗ ಶಟರ್ ವೇಗ ಸೆಕೆಂಡಿನ 1/400 ಅಥವಾ ಅದಕ್ಕಿಂತ ಜೋರಾಗಿ ಇರಲಿ, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಗಾಳಿಗೆ ನಾವೇ ಅಲ್ಲಾಡುತ್ತಿರುತ್ತೇವೆ.

ಬೆಳಿಗ್ಗೆ ಕಲ್ಲು ಮಂಟಪ ದಾಟಿ ಹತ್ತುವಾಗ ಸೂರ್ಯ ಎದುರಿಗೇ ಇರುತ್ತಾನೆ. ಫೋನ್ ನೆರಳನ್ನೆಲ್ಲ ಬೆಳಗಿಸಿ ಬೆಟ್ಟವನ್ನು ಚಪ್ಪಟೆ ಮಾಡುತ್ತದೆ. ಪರದೆ ಮೇಲೆ ಒತ್ತಿ, ಬೆಳಕಿನ ಗುರುತನ್ನು ಕೆಳಗೆ ಎಳೆದರೆ ಸರಿಹೋಗುತ್ತದೆ. ಇಲ್ಲವೇ ಸುಮ್ನೆ ಹಿಂದಕ್ಕೆ ತಿರುಗಿ. ಆ ಹೊತ್ತಿಗೆ ಒಳ್ಳೆ ಬೆಳಕು ಬೆನ್ನ ಹಿಂದಿನ ಕಣಿವೆ ಮೇಲೆ ಇರುತ್ತದೆ, ಎಲ್ಲರೂ ತುದಿ ನೋಡುತ್ತಾ ಅದನ್ನು ಬಿಟ್ಟುಬಿಡುತ್ತಾರೆ.

ಬ್ಯಾಟರಿ ವಿಷಯದಲ್ಲಿ ಕ್ಯಾಮೆರಾ ಆರಾಮ. ಫೋನ್ ಟವರ್ ಹುಡುಕಿ ಹುಡುಕಿಯೇ ಸೊರಗುತ್ತದೆ, ಏರೋಪ್ಲೇನ್ ಮೋಡ್‌ಗೆ ಹಾಕಿದರೆ ತುಂಬಾ ಹೊತ್ತು ಬರುತ್ತದೆ. ಟ್ರೈಪಾಡ್? ನಕ್ಷತ್ರ ತೆಗೆಯುವ ಹುಚ್ಚು ಇದ್ದರೆ ಮಾತ್ರ. ಬಂಡೆ ಮೇಲೆ ಬ್ಯಾಗ್ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಟೈಮರ್ ಹಾಕಿದರೆ ಮುಸ್ಸಂಜೆಗೆ ಅಷ್ಟು ಸಾಕು.

ಹೆಚ್ಚಿನವರು ಬೆಟ್ಟಕ್ಕೆಂದು ಅಗಲ ಲೆನ್ಸ್ ಕಟ್ಟಿಕೊಂಡು ಹೋಗುತ್ತಾರೆ. ನನ್ನ ಲೆಕ್ಕ ಉಲ್ಟಾ. ಅಗಲದ್ದೆಲ್ಲ ಫೋನಿಗೆ ಬಿಡಿ. ಕ್ಯಾಮೆರಾಕ್ಕೆ 55-250 ಮಾತ್ರ ಹಾಕಿ, ಅಗಲದ 18-55 ಲೆನ್ಸ್ ಮನೆಯಲ್ಲೇ ಇರಲಿ. ಮಂಜಿನಲ್ಲಿ, ಗಾಳಿಯಲ್ಲಿ ಲೆನ್ಸ್ ಬದಲಿಸುವ ತಾಪತ್ರಯವೂ ಇಲ್ಲ, ಅಲ್ವಾ? ಕ್ಯಾಮೆರಾ ಬ್ಯಾಗಿನ ಒಳಗಲ್ಲ, ಹೆಗಲ ಪಟ್ಟಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ಇರಬೇಕು. ಭಾವ ಇದನ್ನು ಒಪ್ಪುವುದಿಲ್ಲ, ಅವನಿಗೆ ಎರಡೂ ಲೆನ್ಸ್ ಬೇಕು. ಹೊರುವವನು ಅವನೇ, ಹೊರಲಿ ಬಿಡಿ.

ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ರಾಣಿಪುರ ಬೆಟ್ಟಕ್ಕಾದರೆ ಈ ಚರ್ಚೆಯೇ ಬೇಡ, ಫೋನ್ ಒಂದೇ ಸಾಕು. ಮಂಜಿನಲ್ಲಿ ದೂರದ್ದು ಕಾಣುವುದಿಲ್ಲ, ಒಂದು ಕೈ ಇಂಬಳ (ಜಿಗಣೆ) ಕೀಳುವುದಕ್ಕೇ ಬೇಕು. ಒದ್ದೆ ಪರದೆ ಬೆರಳಿನ ಮಾತು ಕೇಳದಿದ್ದರೆ ವಾಲ್ಯೂಮ್ ಬಟನ್ ಒತ್ತಿ, ಫೋಟೋ ಬೀಳುತ್ತದೆ.